ಕಕ್ಕನ ನೀರಿಗೆ ಉಪ್ಪು

ನಮ್ಮ ಮನೆಗೆ ಮೂವರು ಕಕ್ಕಂದಿರಿದ್ದರು. ಮೊದಲನೆಯವರು ಧಾರವಾಡದ ಹಿರಿಯ ಕಕ್ಕ. ಅವರು ಅಪ್ಪನಿಗೂ ಅಪ್ಪನ ತಮ್ಮನಿಗೂ ಚಿಕ್ಕಪ್ಪ. ತಂದೆಯಿಲ್ಲದ ಆ ಇಬ್ಬರು ಹುಡುಗರನ್ನು ಸಾಕಿ ಓದಿಸಿದವರು. ಎರಡನೆಯವನು ಅಪ್ಪನ ಆ ತಮ್ಮ, ನನ್ನ ಕಕ್ಕ, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಬ್ಯಾಂಕ್ ಗುಮಾಸ್ತ. ಮೂರನೆಯದು ಮನುಷ್ಯನಲ್ಲ. ತಿರುವನಂತಪುರದ ನಮ್ಮ ಬಾಡಿಗೆ ಮನೆಯ ಕಿಟಕಿಯ ಬಳಿ, ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ, ಬಾಯಿ ತೆರೆದು ಕೂತಿರುತ್ತಿದ್ದ ಒಂದು ಚಿಪ್ಪಿನ ಜೀವ ಅದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಹತ್ತು ವರ್ಷ. ಅಪ್ಪ ತುಂಬಾ ಎಂಬ ಕಡಲಂಚಿನ ಊರಿನಲ್ಲಿ, ರಾಕೆಟ್ ಹಾರಿಸುವ ಕಡೆ, ಅಳತೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ. ಕಕ್ಕ ತಿಂಗಳಿಗೊಮ್ಮೆ ಶನಿವಾರದ ಅರ್ಧ ದಿನ ಮುಗಿಸಿ, ಬಸ್ಸು ಹತ್ತಿ, ರಾತ್ರಿ ಊಟದ ಹೊತ್ತಿಗೆ ಬಂದು ಇಳಿಯುತ್ತಿದ್ದ. ಬರಿಗೈಯಲ್ಲಿ ಬಂದವನೇ ಅಲ್ಲ. ಒಮ್ಮೆ ಜಾಯಿಕಾಯಿಯ ಕೆಂಪು ಪತ್ರೆ, ಒಮ್ಮೆ ಮುರಿದ ದಿಕ್ಸೂಚಿ. ಆ ಸಲ ಅವನು ತಂದದ್ದು ಮುಚ್ಚಳವಿದ್ದ ಹಾಲಿನ ಕ್ಯಾನು. ಲಕ್ಷದ್ವೀಪದಿಂದ ಸರಕು ತರುವ ಹಡಗಿನ ನಾವಿಕನೊಬ್ಬ ಅವನ ಗೆಳೆಯ. ಅವನು ಕೊಟ್ಟದ್ದಂತೆ. ಕ್ಯಾನಿನ ತಳದಲ್ಲಿ ಒಂದು ತುಂಡು ಹವಳದ ಕಲ್ಲು, ಅದಕ್ಕೆ ಕಚ್ಚಿಕೊಂಡ ಅಂಗೈಯಗಲದ ಒರಟು ಚಿಪ್ಪು. ನಾನು ಮೂತಿ ಮುರಿದೆ. ದಿಕ್ಸೂಚಿಯೇ ವಾಸಿಯಾಗಿತ್ತು.

ಮರುದಿನ ಬೆಳಿಗ್ಗೆ, ಅದನ್ನು ಇಳಿಸಿಟ್ಟಿದ್ದ ಬೋಗುಣಿಯ ಮೇಲೆ ಬಿಸಿಲು ಬಿತ್ತು. ಚಿಪ್ಪು ನಿಧಾನವಾಗಿ ಎರಡಾಯಿತು. ಒಳಗಿನಿಂದ ನವಿಲುಬಣ್ಣದ ಮಖಮಲ್ಲಿನಂಥ ಮಾಂಸ ಅಂಚಿನ ಹೊರಗೆ ಉಕ್ಕಿ ಬಂತು, ಅದರ ತುಂಬ ಸಾಸಿವೆಯಷ್ಟು ಚುಕ್ಕೆಗಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಇದು ಬಾಯಿ ಬಿಟ್ಟರೇ ಬಣ್ಣ! ಅಪ್ಪ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ನೋಡುತ್ತ ನಿಂತ. ಬಗ್ಗಿದ ಕೂಡಲೇ ಅವನ ನೆರಳು ಬಿದ್ದು ಅದು ಫಟ್ಟನೆ ಮುಚ್ಚಿಕೊಂಡಿತು. ಅಪ್ಪ ಹಿಂದೆ ಸರಿದ; ಅದು ತೆರೆಯಿತು. ಮತ್ತೆ ಬಗ್ಗಿದ, ಮುಚ್ಚಿತು. "ಕಣ್ಣಿಲ್ಲ, ಆದ್ರೂ ಕಾಣತದಲೇ!" ಎಂದ. ಅಲ್ಲಿಗೆ ಅಪ್ಪನ ಕಥೆ ಮುಗಿಯಿತು.

ಒಂದೇ ವಾರದಲ್ಲಿ ಕಿಟಕಿ ಗಾಜುಗಳ ತೊಟ್ಟಿ ಸಿದ್ಧವಾಯಿತು. ಚಾಲೆ ಬಜಾರಿನಿಂದ ತಂದ ಕೆಟ್ಟ ರೆಕಾರ್ಡ್ ಪ್ಲೇಯರಿನ ಮೋಟಾರು ನೀರಿಗೆ ಗಾಳಿ ಊದಲು ಶುರುಮಾಡಿತು. ವಾರಕ್ಕೆರಡು ಸಲ ಅಪ್ಪ ಕಚೇರಿಯ ಬಸ್ಸಿನಲ್ಲಿ, ಡಬ್ಬದಲ್ಲಿ, ಸಮುದ್ರ ತರುತ್ತಿದ್ದ. ಆದರೆ ಅಪ್ಪ ಬೆಳ್ಳುಳ್ಳಿಯ ವಾಸನೆಗೂ ಮೂಗು ಮುಚ್ಚುವವ. ಆ ನೀರಿಗೆ ಕೈ ಹಾಕುತ್ತಿರಲಿಲ್ಲ. ಕಲ್ಲು ಸರಿಸಲು ಮರದ ಚಿಮಟ. ಒಂದು ಹನಿ ಸಿಡಿದರೂ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯುತ್ತಿದ್ದ. ಅವ್ವ ನಗುತ್ತಿದ್ದಳು: "ಮೀನಿನ ಊರಾಗ ಬಂದು ನೀರಿಗೆ ಮೈಲಿಗಿ ಅಂದ್ರ ಹೆಂಗ?"

ಮುಂದಿನ ತಿಂಗಳು ಕಕ್ಕ ಬಂದಾಗ ಪಕ್ಕದ ಮನೆಯ ಮಲಯಾಳಿ ಅಕ್ಕ, ನಮ್ಮ ಚೇಚಿ, ತೊಟ್ಟಿ ನೋಡಲು ಬಂದಳು. ನೋಡಿದವಳೇ, "ಅಯ್ಯೋ, ಇದು ಕಕ್ಕಯಲ್ಲೇ?" ಎಂದಳು. ಮಲಯಾಳದಲ್ಲಿ ಇಂಥ ಚಿಪ್ಪಿನ ಜೀವಗಳಿಗೆಲ್ಲ ಕಕ್ಕ ಎಂದೇ ಹೆಸರು. ನಾನು ಬಿದ್ದು ಬಿದ್ದು ನಕ್ಕೆ. ಆ ಹೊತ್ತಿಗೇ ಅದಕ್ಕೆ ನಾಮಕರಣವಾಯಿತು. ಚೇಚಿ ಅಷ್ಟಕ್ಕೇ ಬಿಡಲಿಲ್ಲ. ಕಕ್ಕವನ್ನು ತೆಂಗಿನಕಾಯಿ ಚೂರು ಹಾಕಿ ಹುರಿದರೆ ಎಷ್ಟು ಚೆಂದ ಎಂದು ವರ್ಣಿಸಿದಳು. ಊಟಕ್ಕೆ ಕೂತಿದ್ದ ಕಕ್ಕ ಮೈಮರೆತು, "ಹೌದ್ರಿ, ಮೆಣಸು ಸ್ವಲ್ಪ ಮುಂದ ಇರಬೇಕು" ಎಂದ.

ಅಪ್ಪನ ತುತ್ತು ಅಲ್ಲೇ ನಿಂತಿತು. "ನಿನಗ ಹೆಂಗ ಗೊತ್ತು?"

ಕಕ್ಕ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಬ್ಯಾಂಕಿನವರ ಜೊತೆ ತಿಂದಿದ್ದೇನೆ, ಒಂದು ಸಲ ಅಲ್ಲ, ಎಂದ. ಅಪ್ಪ ಅವನನ್ನು ನೋಡದೆ ಅವ್ವನಿಗೆ ಹೇಳಿದ: "ಇನ್ನ ಮ್ಯಾಲೆ ಅವನ ತಾಟು ಬ್ಯಾರೆ ಇಡು. ಇವನ್ನ ನನ್ನ ಕೈಯಾಗ ಕೊಟ್ಟು ಕಳಿಸ್ಯಾರ ಧಾರವಾಡದ ಕಕ್ಕ. ನಾಳೆ ಅವರಿಗೆ ಏನ್ ಹೇಳ್ಲಿ?" ಕಕ್ಕ ಎದ್ದು, ಅನ್ನ ಬಿಟ್ಟು, ಚೀಲ ಹೆಗಲಿಗೆ ಹಾಕಿ ಹೊರಟುಹೋದ. ಕಕ್ಕ ಕಕ್ಕ ತಿಂದ: ಇಂಥ ವಾಕ್ಯಕ್ಕೆ ನಗು ಬರದ ಮನೆ ಅದೊಂದೇ ಇರಬೇಕು.

ಮುಂದಿನ ತಿಂಗಳು ಅವನು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಶನಿವಾರ ಬಂತೆಂದರೆ ನಾನು ಗೇಟಿಗೆ ಜೋತುಬೀಳುತ್ತಿದ್ದೆ, ಒಳಗೆ ಬಂದು ಅಳುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಅಪ್ಪ ತಮ್ಮನ ಮೇಲಿನ ಸಿಟ್ಟನ್ನು ನನ್ನ ಮಗ್ಗಿಯ ಮೇಲೆ ತೀರಿಸುತ್ತಿದ್ದ. ಆಗ ನಾನು ಒಂದು ತೀರ್ಮಾನ ಮಾಡಿಕೊಂಡೆ: ತೊಟ್ಟಿಯ ಕಕ್ಕ ಬದುಕಿದ್ದರೆ ಕೊಚ್ಚಿಯ ಕಕ್ಕ ಬಂದೇ ಬರುತ್ತಾನೆ. ಇದು ಸತ್ತರೆ ಅವನು ಮತ್ತೆ ಬರುವುದಿಲ್ಲ. ಯಾಕೆ ಹಾಗೆ ಎಂದು ಕೇಳಿದರೆ ಉತ್ತರ ಇರಲಿಲ್ಲ. ಹತ್ತು ವರ್ಷದವರಿಗೆ ಬೇಕಾಗುವುದೂ ಇಲ್ಲ.

ವಿಚಿತ್ರವೆಂದರೆ ಅಪ್ಪ ಅದನ್ನು ಸಮುದ್ರಕ್ಕೆ ಬಿಸಾಡಲಿಲ್ಲ. ತಮ್ಮನ ಹೆಸರು ಎತ್ತದವನು ತಮ್ಮನ ಚಿಪ್ಪಿನ ಎದುರು ಗಂಟೆಗಟ್ಟಲೆ ಕೂರುತ್ತಿದ್ದ. ಇದು ಏನು ತಿನ್ನುತ್ತದೆ ಎಂಬುದೇ ನಮ್ಮಿಬ್ಬರ ದೊಡ್ಡ ಪ್ರಶ್ನೆ. ಅನ್ನದ ಗಂಜಿ ಹಾಕಿದೆವು, ನೀರು ನಾರಿತು. ಹೆಸರುಬೇಳೆಯ ಕಟ್ಟು ಹಾಕಿದೆವು. ಅದು ಬಾಯಿ ಮುಚ್ಚಿ ಎರಡು ದಿನ ಮುನಿಸಿಕೊಂಡಿತು. ಕೊನೆಗೆ ಅಪ್ಪನ ಸಹೋದ್ಯೋಗಿಯ ಅಕ್ಕ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು, ಮನೆಗೆ ಬಂದು ನೋಡಿ ನಕ್ಕರು. ಏನೂ ಹಾಕಬೇಡಿ, ಎಂದರು. ಇದರ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇದೆ. ಅದು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಇದು ಕೂತಲ್ಲೇ ಉಣ್ಣುತ್ತದೆ. ಬೆಳಕು ಮತ್ತು ಒಳ್ಳೆಯ ಸಮುದ್ರದ ನೀರು, ಅಷ್ಟು ಸಾಕು.

ಅವರು ಹೋದ ಮೇಲೆ ಅವ್ವ ಮಾತಿನಲ್ಲೇ ಚಿವುಟಿದಳು: "ಹಂಗಾದ್ರ ಇದು ನಿಮಗಿಂತ ಮಡಿ. ಬಿಸಿಲು ಉಂಡು ಬದುಕತದ." ಅಪ್ಪ ಮರುದಿನ ಕಿಟಕಿಗೆ ಅಡ್ಡವಾಗಿದ್ದ ಪೇರಲ ಗಿಡದ ಕೊಂಬೆ ಕಡಿದ.

ಜೂನ್ ತಿಂಗಳ ಮಳೆ ಹಿಡಿಯಿತು. ಬಿಸಿಲು ಕಾಣೆ. ಅಪ್ಪ ತೊಟ್ಟಿಯ ಮೇಲೆ ಎರಡು ಟ್ಯೂಬ್‌ಲೈಟ್ ಕಟ್ಟಿದ, ದಿನಕ್ಕೆ ಮೂರು ಸಲ ನೀರಿನ ಉಷ್ಣತೆ ಅಳೆದು ಗೋಡೆಯ ಕಾಗದದಲ್ಲಿ ಬರೆದ. ಅಲೆಗಳ ಅಬ್ಬರಕ್ಕೆ ಸಮುದ್ರಕ್ಕೆ ಇಳಿಯಲಾಗದೆ, ಪಕ್ಕದ ವೇಳಿ ಎಂಬ ಊರಿನ ಹಿನ್ನೀರು ಮರಳು ಒಡೆದು ಸಮುದ್ರ ಸೇರುವ ಕಡೆ ಡಬ್ಬ ತುಂಬಿಸಿ ತರತೊಡಗಿದ. ಕಕ್ಕ ಮಂಕಾಯಿತು. ನವಿಲುಬಣ್ಣ ಬೂದಿಯಾಯಿತು. ಒಂದು ಬೆಳಿಗ್ಗೆ ನಾನು ಅದರ ಮೇಲೆ ಕೈ ಆಡಿಸಿದೆ, ನೆರಳು ಬಿತ್ತು, ಅದು ಮುಚ್ಚಲಿಲ್ಲ. ಮತ್ತೆ ಆಡಿಸಿದೆ. ಹಾಗೇ ಬಾಯಿ ಬಿಟ್ಟುಕೊಂಡಿತ್ತು. ನಾನು ಅವ್ವನನ್ನು ಕೂಗುತ್ತ ಅಡುಗೆಮನೆಗೆ ಓಡಿದೆ.

ಅಪ್ಪ ಕೆಲಸಕ್ಕೆ ಹೋಗಿದ್ದ. ಅವ್ವ ನನ್ನನ್ನು ಕರೆದುಕೊಂಡು, ಕೊಚ್ಚಿಯ ಕಕ್ಕನಿಗೆ ತಾರು ಕೊಡಲು, ಅಂಚೆ ಕಚೇರಿಗೆ ನಡೆದಳು. ಇಂಗ್ಲಿಷ್ ಬರೆಯುವವಳು ನಾನು. ತೊಟ್ಟಿಯ ಕಕ್ಕನಿಗೆ ಹುಷಾರಿಲ್ಲ ಎಂದು ಬರೆಯಲು ಹೊರಟರೆ ಅವ್ವ ತಡೆದಳು. "ತಾರಿನೊಳಗ ಉದ್ದ ಮಾತು ಬ್ಯಾಡ. ಕಕ್ಕ ಸೀರಿಯಸ್, ಸ್ಟಾರ್ಟ್ ಇಮೀಡಿಯೆಟ್ಲಿ. ಅಷ್ಟ ಬರಿ. ಕೆಳಗ ನಿಮ್ಮಪ್ಪನ ಹೆಸರು ಹಾಕು." ಹಾಕಿದೆ.

ಸಂಜೆ ಅಪ್ಪ ಬಂದು ಕೈಕಾಲು ತೊಳೆಯುತ್ತಿದ್ದಾಗ ಗೇಟು ಸದ್ದಾಯಿತು. ಕಕ್ಕ ನೆನೆದು ತೊಪ್ಪೆಯಾಗಿದ್ದ. ಅಂಗಳದಿಂದಲೇ ಕೂಗಿದ: "ಅಣ್ಣಾ, ಕಕ್ಕ ಅದಾರೋ ಇಲ್ಲೋ?"

ಅವನು ಕೇಳಿದ್ದು ಧಾರವಾಡದವರನ್ನು. ಅಣ್ಣನ ಹೆಸರಿನ ತಾರು ನೋಡಿ, ಇಬ್ಬರೂ ಕೂಡಿ ಊರಿಗೆ ಹೊರಡಬೇಕೆಂದು ಓಡಿ ಬಂದಿದ್ದ. ತಾರಿನ ಗಂಧವೂ ಇಲ್ಲದ ಅಪ್ಪ, ಊರಿನಿಂದ ಸುದ್ದಿ ಮೊದಲು ತಮ್ಮನಿಗೆ ಮುಟ್ಟಿದೆ ಎಂದು ತಿಳಿದ. "ಏನಾತೋ? ಯಾವಾಗ ತಿಳೀತು?" ಎನ್ನುತ್ತ ಮೆಟ್ಟಿಲ ಮೇಲೆ ಕುಸಿದ. ತಮ್ಮ ಬಂದು ತಬ್ಬಿಕೊಂಡ. ಇಬ್ಬರೂ ಹೋ ಎಂದು ಅತ್ತರು. ಅಲ್ಲಿ ಧಾರವಾಡದಲ್ಲಿ ಹಿರಿಯ ಕಕ್ಕ ಆ ಹೊತ್ತಿಗೆ ಬಹುಶಃ ಭಕ್ಕರಿ ಮುರಿಯುತ್ತಿದ್ದರು.

ನಾನು ಹೆದರಿ, "ಆ ಕಕ್ಕ ಅಲ್ಲ, ಈ ಕಕ್ಕ" ಎಂದು ತೊಟ್ಟಿ ತೋರಿಸಿದೆ. ಅಪ್ಪ ಅವ್ವನನ್ನು ನೋಡಿದ. ಅವ್ವ ಒಲೆಯನ್ನು ನೋಡಿದಳು.

ಪೆಟ್ಟು ಬೀಳುತ್ತದೆಂದು ನಾನು ಕಾಯುತ್ತಿದ್ದೆ. ಕಕ್ಕ ಕಣ್ಣೊರೆಸಿಕೊಂಡು ತೊಟ್ಟಿಯ ಬಳಿ ಹೋದ. ನೋಡಿದ. ಬೆರಳು ಅದ್ದಿ ನಾಲಿಗೆಗೆ ಇಟ್ಟ.

"ಅಣ್ಣಾ, ಇದರಾಗ ಉಪ್ಪೇ ಇಲ್ಲಲ್ಲೋ. ಮಳಿನೀರು ಬೆರೆತದ."

ಅಪ್ಪ ಗೋಡೆಯ ಕಾಗದ ನೋಡಿದ. ಎಲ್ಲವನ್ನೂ ಅಳೆದಿದ್ದ, ಇದೊಂದನ್ನು ಬಿಟ್ಟು. ಉಪ್ಪು ನೋಡಲು ಯಾವ ಉಪಕರಣವೂ ಬೇಕಿರಲಿಲ್ಲ, ಒಂದು ನಾಲಿಗೆ ಸಾಕಿತ್ತು. ಆದರೆ ಆ ನೀರನ್ನು ಬಾಯಿಗಿಡುವುದು ಅವನಿಗೆ ಕನಸಿನಲ್ಲೂ ಹೊಳೆಯುವ ಮಾತಲ್ಲ.

ಮರುದಿನ ಇಬ್ಬರೂ ಮೀನುಗಾರರನ್ನು ಕಾಡಿ ಬೇಡಿ ಅಲೆಗಳಾಚೆಯ ನೀರು ತರಿಸಿದರು; ಎರಡು ದಿನ ಸ್ವಲ್ಪ ಸ್ವಲ್ಪವಾಗಿ ಬದಲಿಸಿದರು. ಮೂರನೆಯ ದಿನ ನನ್ನ ಕೈಯ ನೆರಳಿಗೆ ಅದು ಫಟ್ಟನೆ ಮುಚ್ಚಿಕೊಂಡಾಗ ನಾನು ಕುಣಿದಾಡಿದೆ. ಆದರೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿರುವುದು ಆ ಮೊದಲ ಸಂಜೆ. ಕಕ್ಕ ಹೇಳಿದ್ದನ್ನು ಅಪ್ಪ ನಂಬಬಹುದಿತ್ತು. ನಂಬಲಿಲ್ಲ; ಸ್ವತಃ ನೋಡದೆ ಯಾವುದನ್ನೂ ಒಪ್ಪುವ ಜಾತಿಯವನಲ್ಲ ಅವನು. ತೋಳು ಮೇಲೇರಿಸಿದ. ಚಿಮಟದ ಕಡೆ ಕೈ ಹೋಯಿತು, ಹಿಂದೆ ಬಂತು. ತೋರುಬೆರಳನ್ನು ನೀರಿನಲ್ಲಿ ಅದ್ದಿದ, ಕಣ್ಣು ಮುಚ್ಚಿದ, ನಾಲಿಗೆಯ ಮೇಲೆ ಇಟ್ಟುಕೊಂಡ.

ಬಾಯಿ ಮುಚ್ಚಿಕೊಂಡು ರುಚಿ ನೋಡಿದ.

"ಹೌದಲೇ ತಮ್ಮಾ," ಎಂದ ಕೊನೆಗೆ, "ಸಪ್ಪಗದ."

ಕೈ ತೊಳೆಯಲು ಹೋಗಲಿಲ್ಲ. ಒಳಗೆ ತಿರುಗಿ, "ತಾಟು ಹಾಕು, ಇಬ್ಬರಿಗೂ ಒಂದ ಕಡೆ" ಎಂದ. ಅವ್ವ ಅಕ್ಕಪಕ್ಕದಲ್ಲಿ ಎರಡು ತಾಟು ಇಟ್ಟು, ನಮ್ಮ ಕಡೆಯ ಪದ್ಧತಿಯಂತೆ, ಮೊದಲು ಉಪ್ಪು ಬಡಿಸಿದಳು.