ಫಕೀರಸಾಬನ ಕಾರಿನ ಚುಕ್ಕಿಗಳು

ಮೊದಲೇ ಹೇಳಿಬಿಡುತ್ತೇನೆ, ಆ ಕಾರಿನ ನೆಲಕ್ಕೆ ಫರಸಿ ಕಲ್ಲು ಹಾಸಿದವನು ನಾನೇ. ಚಿತ್ತಾಪುರದ ಫರಸಿ ಕೆಲಸದ ಖಂಡೆಪ್ಪ. ನಗುವವರು ಈಗಲೇ ನಕ್ಕು ಮುಗಿಸಲಿ. ತಗಡು ತುಕ್ಕು ಹಿಡಿದು ಉದುರಿ, ಕೂತವರ ಕಾಲು ರಸ್ತೆಗೆ ತಾಗುತ್ತಿತ್ತು. ರಾವೂರ ಖಣಿಯಿಂದ ತೆಳ್ಳನೆಯ ಹಾಸುಗಲ್ಲು ತಂದು, ಅಳತೆಗೆ ಕೊಯ್ದು, ಪಾಲಿಶ್ ಮಾಡಿ ಕೂರಿಸಿದೆ. ಇಪ್ಪತ್ತೆರಡು ವರ್ಷವಾಯಿತು, ಒಂದು ಬಿರುಕಿಲ್ಲ. ನಿಮ್ಮ ಮನೆಯ ಟೈಲ್ಸ್ ಎಷ್ಟು ವರ್ಷ ಬಾಳಿವೆ, ಹೇಳಿ ನೋಡೋಣ.

ಕಾರು ನನ್ನ ಪಕ್ಕದ ಮನೆಯ ಫಕೀರಸಾಬನದು. ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಎರಡೇ ಸೀಟು, ಉದ್ದನೆಯ ಮೂತಿ, ತಲೆಯ ಮೇಲೆ ಮಾಳಿಗೆಯಿಲ್ಲ. ಶಹಾಬಾದಿನ ಕಾರ್ಖಾನೆಯೊಂದಕ್ಕೆ ಬಂದಿದ್ದ ಬಿಳಿ ಸಾಹೇಬ ತನ್ನ ದೇಶಕ್ಕೆ ಮರಳುವಾಗ ಅದನ್ನು ಡ್ರೈವರನಿಗೆ ಕೊಟ್ಟುಹೋದ. ಆ ಡ್ರೈವರನ ಮಗನೇ ಫಕೀರಸಾಬ. ಸಾಹೇಬ ಅದರಲ್ಲಿ ಗಾಳಿಯಂತೆ ಓಡಾಡುತ್ತಿದ್ದನಂತೆ. ಅಪ್ಪ-ಮಗ ಅದನ್ನು ಮದುವೆ ಮೆರವಣಿಗೆಗೆ ಹಚ್ಚಿದರು.

ಒಂದು ಸೀಟಿನಲ್ಲಿ ಡ್ರೈವರ್, ಇನ್ನೊಂದರಲ್ಲಿ ಮದುಮಗ. ಮುಂದೆ ಬ್ಯಾಂಡು. ಸೇಡಂ, ವಾಡಿ, ಚಿಂಚೋಳಿಗಳಿಂದ ಕರೆ ಬಂದರೆ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ಊರ ಅಗಸಿ ಬಾಗಿಲಲ್ಲಿ ಇಳಿಸುವುದು. ಹಿಂದೂ ಮದುವೆಯಿರಲಿ, ಮುಸಲ್ಮಾನರ ಮದುವೆಯಿರಲಿ, ಆ ಕಾರು ಬಾರದೆ ಮದುಮಗ ಮನೆಯಿಂದ ಹೊರಬೀಳುತ್ತಿರಲಿಲ್ಲ. ಎಷ್ಟು ಓಡಿದೆ ಎಂದು ತೋರಿಸುವ ಮೀಟರ್ ಸತ್ತುಹೋಗಿತ್ತು. ಹಾಗಾಗಿ ಫಕೀರಸಾಬ ಒಬ್ಬೊಬ್ಬ ಮದುಮಗನಿಗೆ ಬಾನೆಟ್ಟಿನ ಒಳಮೈಯಲ್ಲಿ ಒಂದೊಂದು ಬಿಳಿ ಚುಕ್ಕಿ ಇಡುತ್ತ ಬಂದ.

ಅವನ ಹೆಂಡತಿ ಹಸೀನಾಬೇಗಂ ಮಾತ್ರ ಅದರಲ್ಲಿ ಒಂದು ದಿನವೂ ಕೂತವಳಲ್ಲ. ಕೇಳಿ, ಅವರ ನಿಕಾಹದ ದಿನವೇ ಕಾರು ಸೇಡಂನ ಇನ್ಯಾವನೋ ಮದುಮಗನಿಗೆ ಹೋಗಿತ್ತು! ಮಾತು ಕೊಟ್ಟಾಗಿತ್ತು ಎಂದು ಅಪ್ಪ ಕಳಿಸಿಬಿಟ್ಟಿದ್ದ. ಮಗ ಬಸ್ಸಿನಲ್ಲಿ ದಂಡೋತಿಗೆ ಹೋಗಿ, ಹೆಂಡತಿಯನ್ನು ಬಸ್ಸಿನಲ್ಲೇ ನಿಲ್ಲಿಸಿಕೊಂಡು ಬಂದ. "ಒಂದಿನ ಇದೇ ಗಾಡಿಯಾಗ ನಿನ್ನ ತವರಿಗಿ ಕರಕೊಂಡ್ ಹೋಗ್ತೀನಿ" ಎಂದು ಅವತ್ತು ರಾತ್ರಿ ಹೇಳಿದನಂತೆ. ದಂಡೋತಿ ಇಲ್ಲೇ ಕಾಗಿಣಾ ದಂಡೆಯಲ್ಲಿದೆ, ಕಾಶಿಯಲ್ಲಲ್ಲ. ಮೂವತ್ನಾಲ್ಕು ವರ್ಷ ಕಳೆಯಿತು.

ಈಗ ಕಾರು ಮಾರುವ ಕಾಲ ಬಂತು. ಇಂದಿನ ಮದುಮಕ್ಕಳಿಗೆ ಮಾಳಿಗೆಯಲ್ಲಿ ಕಿಂಡಿಯಿರುವ ಕಾರೇ ಬೇಕಂತೆ, ಎದ್ದುನಿಂತು ಕೈ ಬೀಸಲು. ಇಡೀ ಮಾಳಿಗೆಯೇ ಇಲ್ಲದ ಕಾರು ಇರುವಾಗ! ಇವರ ಬುದ್ಧಿಗಿಷ್ಟು. ಹಳೆಯ ಕಾರು ಕೂಡಿಹಾಕುವ ಶ್ರೀಮಂತರಿಗೆಂದು ಮಗಳು ಫಿರ್ದೋಸ್ ಮೊಬೈಲಿನಲ್ಲಿ ಜಾಹೀರಾತು ಬರೆಯಲು ಕೂತಳು.

"ಅಬ್ಬಾ, ಎಷ್ಟ್ ಓಡ್ಯಾದ ಅಂತ ಬರೀಲಿ?"

"ಹದಿನಾಲ್ಕುನೂರಾ ಹನ್ನೆರಡು ಮದುಮಗಂದಿರು ಅಂತ ಬರಿ."

"ಸ್ಪೀಡು?"

"ಬ್ಯಾಂಡಿನವ್ರು ಎಷ್ಟ್ ನಡೀತಾರೋ ಅಷ್ಟು."

ಅವಳು ಹಾಗೆಯೇ ಬರೆದಳು. ಅದನ್ನು ಓದಿ ನಗು ತಡೆಯಲಾಗದೆ ಹೈದರಾಬಾದಿನಿಂದ ಅಶೋಕಕುಮಾರ ಎಂಬವರು ಓಡಿಬಂದರು. ಮೂಲ ಸೇಡಂನವರೇ, ಮನೆಯಲ್ಲಿ ಹನ್ನೊಂದು ಹಳೆಯ ಕಾರು ಇಟ್ಟುಕೊಂಡವರು. ಬಂದವರೇ ಬಾಗಿ ನೋಡಿ ಕಾರಿನ ನೆಲ ಬಡಿದರು.

"ಇದೇನ್ರಿ, ಕಲ್ಲು?"

"ಶಹಾಬಾದ ಫರಸಿ," ಎಂದೆ.

"ಕಾರಿಗಾ?"

"ಮತ್ತೇನ್ ಮಾರ್ಬಲ್ ಹಾಕಬೇಕಿತ್ತೇನ್ರಿ?"

ಅದನ್ನು ಕಿತ್ತು ಮೊದಲಿನಂತೆ ತಗಡು ಹಾಕಿಸುವೆ ಎಂದರು. ಒಂದು ಬಿರುಕಿಲ್ಲದ ಕಲ್ಲನ್ನು! ಆಮೇಲೆ ಬಾನೆಟ್ ಎತ್ತಿ, "ಇದಕ್ಕೇನ್ ಸಿಡುಬು ಎದ್ದಾದೇನ್ರಿ?" ಎಂದು ಕೇಳಿ, ಆ ಚುಕ್ಕಿಗಳನ್ನೂ ಕೆರೆಸಿ ಬಣ್ಣ ಹೊಡೆಸುವೆ ಎಂದರು. ಫಕೀರಸಾಬ ಹೂಂ ಎಂದು ತಲೆಯಾಡಿಸಿದ. ಮಾತು ಮುಗಿಯಿತು. ಸಂಜೆಗೆ ಲಾರಿ ಬರುವುದಿತ್ತು.

ಆಗ ಹಸೀನಾಬೇಗಂ ಹಸಿರು ಜರಿ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ಹೊರಬಂದಳು. ಯಾರನ್ನೂ ಕೇಳದೆ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ದಂಡೋತಿಗಿ ಹೋಗಿಬಂದ ಮ್ಯಾಲ ಮಾರ್ರಿ."

"ಏ ಹುಚ್ಚಿ, ಇಳಿ! ಸಾಹೇಬ್ರು ನಿಂತಾರ."

"ಮೂವತ್ನಾಕ್ ವರ್ಷ ನಾ ನಿಂತೀನಿ. ಅವ್ರು ಒಂದ್ ತಾಸು ನಿಲ್ಲಲಿ."

ಅಶೋಕಕುಮಾರರ ಮುಖ ಸಪ್ಪಗಾಯಿತು. "ಎಂಜಿನ್ ಕೆಟ್ರ ನಾ ತಗೊಳ್ಳಂಗಿಲ್ರಿ, ಮೊದಲೇ ಹೇಳೀನಿ," ಎಂದರು. ಫಕೀರಸಾಬ ಅವರನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ಮೀಸೆ ತಿರುವಿ ಸ್ಟೇರಿಂಗ್ ಮುಂದೆ ಕೂತ. ಶಹಬ್ಬಾಸ್ ಎಂದುಕೊಂಡೆ.

ನಾನೂ ಅಶೋಕಕುಮಾರರೂ ಅವರ ಕಾರಿನಲ್ಲಿ ಬೆನ್ನು ಹತ್ತಿದೆವು. ಅಯ್ಯೋ, ಆ ಪುಣ್ಯಾತ್ಮ ಫಕೀರಸಾಬನಿಗೆ ಒಂದನೇ ಗೇರ್ ಬಿಟ್ಟು ಬೇರೆಯದು ಗೊತ್ತೇ ಇಲ್ಲ! ಸೈಕಲ್ಲುಗಳೆಲ್ಲ ನಮ್ಮನ್ನು ದಾಟಿಹೋದವು.

"ಹೆಣ ಹೊತ್ತಂಗ ಜನಾಜಾ ಹೊಂಟದೇನ್ರಿ? ಜೋರ್ ಹೊಡೀರಿ!" ಎಂದು ಹಸೀನಾಬೇಗಂ ಕೂಗಿದ್ದು ನಮಗೂ ಕೇಳಿಸಿತು. ಎರಡನೇ ಗೇರ್ ಬಿತ್ತು. ಕರ್ರೋ ಎಂದು ಮೂರನೆಯದೂ ಬಿತ್ತು. ಸೆರಗು ಬಾವುಟದಂತೆ ಹಾರಿತು, ಎಮ್ಮೆಗಳು ದಿಕ್ಕಾಪಾಲಾದವು, ಅವಳು ಕೇಕೆ ಹೊಡೆದು ನಕ್ಕಳು.

"ಅಯ್ಯಯ್ಯೋ, ನನ್ನ ಗಾಡಿ!" ಎಂದು ಅಶೋಕಕುಮಾರ ಎದೆ ಹಿಡಿದುಕೊಂಡರು.

"ಇನ್ನಾ ನಿಮ್ದಾಗಿಲ್ರಿ," ಎಂದೆ.

ದಂಡೋತಿಯ ಅಗಸಿಯ ಚಹಾದಂಗಡಿಯಲ್ಲಿ ಬ್ಯಾಂಡ್ ಮಾಸ್ತರ ದೇವೀಂದ್ರಪ್ಪ ತನ್ನವರೊಂದಿಗೆ ಕೂತಿದ್ದ. ಈ ಕಾರು ಕಂಡದ್ದೇ ತಡ, ಅವನ ಜೀವ ಬಾಯಿಗೆ ಬಂತು. "ಯಪ್ಪಾ, ಇವತ್ತ ಯಾರ್ದೋ ಮದುವಿ ಅದ, ನಾ ಮರ್ತೀನಿ!" ಎಂದು ಕಪ್ಪು-ಬಸಿಯ ಚಹಾ ಚೆಲ್ಲಿ, ತುತ್ತೂರಿ ಹಿಡಿದು ಕಾರಿನ ಮುಂದೆ ಜಿಗಿದ. ಬ್ಯಾಂಡು ಕೇಳಿದ್ದೇ ಫಕೀರಸಾಬನ ಕೈ ತಾನಾಗಿಯೇ ಒಂದನೇ ಗೇರಿಗೆ ಇಳಿಯಿತು. ಬ್ಯಾಂಡು ಕೇಳಿದ್ದೇ ಊರ ಮಂದಿ ಹೊರಬಂದರು. ಯಾರ ಮದುವೆ ಎಂದು ಒಬ್ಬರೂ ಕೇಳಲಿಲ್ಲ. ಕುಣಿಯಲು ಅದೆಲ್ಲ ಯಾಕೆ ಬೇಕು? ಹಾರ್ನ್ ಹೊಡೆದ ಅಶೋಕಕುಮಾರರನ್ನು ಕಾರಿನಿಂದ ಎಳೆದು ಕುಣಿಸಿದರು. ಹೈದರಾಬಾದಿನ ಬೂಟು ಮಣ್ಣಾಯಿತು. ಹಸೀನಾಬೇಗಂ ಬೆನ್ನು ನೆಟ್ಟಗೆ ಮಾಡಿ, ನನ್ನ ಫರಸಿಯ ಮೇಲೆ ಎರಡೂ ಕಾಲೂರಿ ಕೂತು, ಎರಡೂ ಕಡೆಯವರಿಗೆ ಸಲಾಂ ಮಾಡುತ್ತ ಬಂದಳು.

ತವರಿನ ಬಾಗಿಲಲ್ಲಿ ಫಕೀರಸಾಬ ಕೆಳಗಿಳಿದು, ಸುತ್ತು ಹಾಕಿ ಬಂದು, ಮದುಮಗಂದಿರಿಗೆ ತೆರೆಯುವ ಹಾಗೆಯೇ ಬಾಗಿಲು ತೆರೆದ.

"ಇಳೀರಿ ಬೇಗಂಸಾಹೇಬ್ರ, ಮನಿ ಬಂತು."

ಮೂವತ್ನಾಲ್ಕು ವರ್ಷದಲ್ಲಿ ಅವನು ಅವಳಿಗೆ 'ಇಳೀರಿ' ಎಂದದ್ದು ಅದೇ ಮೊದಲು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ಬಂತು. ಬಂದರೆ ಏನೀಗ?

ಎಂಜಿನ್ ಹೊಗೆಯಾಡುತ್ತಿತ್ತು, ಆದರೆ ನಿಂತಿರಲಿಲ್ಲ. ಫಕೀರಸಾಬ ಬಾನೆಟ್ ಎತ್ತಿದ. ಸೀಟಿನ ಕೆಳಗಿದ್ದ ಬಣ್ಣದ ಡಬ್ಬಿ ತೆಗೆದು, ಕಡ್ಡಿ ಅದ್ದಿ, ಸಾಲಿನ ಕೊನೆಗೆ ಒಂದು ಚುಕ್ಕಿ ಇಟ್ಟ. ಹಸೀನಾಬೇಗಂ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು.

"ಇದು ನಂದೇನ್ರಿ?"

"ಹೂಂ, ನಿಂದೇ."

"ಎಲ್ಲರಕಿಂತ ತಡಾ ಮಾಡಿ, ಎಲ್ಲರಷ್ಟೇ ಚುಕ್ಕಿನಾ?"

ಹಾಗೆಂದವಳೇ ಡಬ್ಬಿಯಲ್ಲಿ ಅಂಗೈ ಅದ್ದಿ, ಬಾನೆಟ್ಟಿನ ನಟ್ಟನಡುವೆ, ಐವತ್ತು-ಅರವತ್ತು ಮದುಮಗಂದಿರ ಮೇಲೆ, ಫಟ್ಟನೆ ಒತ್ತಿದಳು. ಆಮೇಲೆ ಬಿಳಿಯಾದ ಆ ಕೈಯನ್ನೇ ಅಶೋಕಕುಮಾರರತ್ತ ಎತ್ತಿದಳು.

"ಈಗ ತಗೊಂಡ್ ಹೋಗ್ರಿ ಅಣ್ಣಾ. ಇದನ್ನ ಕೆರೆಸಿದ್ರ ಮಾತ್ರ ನೋಡ್ರಿ ಮತ್ತ!"