ಡಿಕ್ಕಿಯ ಚಹಾ

ನಮ್ಮ ಸರ್ ಟೈಪ್ ಮಾಡುತ್ತಿದ್ದುದು ಬಲಗೈಯ ಒಂದೇ ಬೆರಳಿನಲ್ಲಿ. ಎಡಗೈಯಲ್ಲಿ ಚಹಾ ಸುರಿದ ಬಶಿ. ಸುರ್ರೆಂದು ಒಂದು ಗುಟುಕು, ಟಕ್ಕೆಂದು ಒಂದು ಅಕ್ಷರ. ಕೀಬೋರ್ಡಿನ ಮೇಲೆ ಒಂದು ಹನಿ ಬಿದ್ದದ್ದನ್ನೂ ನಾನು ಕಂಡಿಲ್ಲ. ಬಿದ್ದರೆ ಅಂಗಿಯ ಮೇಲೆ.

ಪುಣೆಯ ಒಂದು ಕಾಲೇಜಿನಲ್ಲಿ ಅವರ ಪ್ರಯೋಗಾಲಯ. ಯಂತ್ರದ ಗೇರುಗಳು ಯಾಕೆ ಸವೆಯುತ್ತವೆ ಎಂಬುದು ಅಲ್ಲಿಯ ಸಂಶೋಧನೆ. ಭೋಸರಿಯ ಕಾರ್ಖಾನೆಗಳಿಂದ ಹಲ್ಲು ಸವೆದ ಗೇರುಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಬಹಳ ವರ್ಷ ಮನೆಯಲ್ಲೇ ಇದ್ದ ನಾನು, ಮಗಳು ಕಾಲೇಜು ಸೇರಿದ ಮೇಲೆ ಅಲ್ಲಿ ಮತ್ತೆ ಕೆಲಸಕ್ಕೆ ಸೇರಿದೆ.

ಓದಬೇಕಾದ ಪ್ರಬಂಧಗಳನ್ನು ನಾವು ಗಿಟ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹಂಚಿಕೊಳ್ಳುತ್ತಿದ್ದೆವು. ಪ್ರತಿಯೊಂದರ ಜೊತೆ ಒಂದು ಟಿಪ್ಪಣಿ. ಅದನ್ನು ಯಾರು ಬೇಕಾದರೂ ತಿದ್ದಬಹುದು, ತಿದ್ದಿದವರ ಹೆಸರು ಉಳಿಯುತ್ತದೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದರೆ ಮಾತ್ರ ಗಿಟ್ ಅಲ್ಲಿಗೇ ನಿಂತು, ಎರಡನ್ನೂ ಮುಂದಿಟ್ಟು, ಯಾವುದು ಇರಲಿ ಎಂದು ಕೇಳುತ್ತದೆ. ಸರ್ ಅದನ್ನು ಡಿಕ್ಕಿ ಎನ್ನುತ್ತಿದ್ದರು. ಡಿಕ್ಕಿಯಾದ ಇಬ್ಬರೂ ಗೇಟಿನ ಹೊರಗಿನ ಚಹಾದ ಅಂಗಡಿಗೆ ಹೋಗಿ, ಒಬ್ಬರ ಸಾಲನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು ಎಂಬುದು ಅವರ ನಿಯಮ. ತನ್ನ ಸಾಲನ್ನು ತಾನೇ ಓದುವ ಹಾಗಿಲ್ಲ.

“ಲೋಹಕ್ಕ ಲೋಹ ತಿಕ್ಕಿದ್ರ ನಡುವ ಎಣ್ಣಿ ಬೇಕ್ರಿ ಅಕ್ಕಾರ. ಮನಷ್ಯಾರಿಗೆ ಚಹಾ,” ಎನ್ನುತ್ತಿದ್ದರು ನನಗೆ.

ಆಗ ಅಲ್ಲಿ ಮೈಸೂರಿನ ಒಬ್ಬ ತರುಣ ಸಂಶೋಧಕನಿದ್ದ. ನನ್ನ ಉದ್ದನೆಯ ಟಿಪ್ಪಣಿ ನೋಡಿ ಎಲ್ಲರೆದುರು, “ಮೇಡಂ, ಇದು ನೋಟ್ಸಾ, ದಿನಸಿ ಪಟ್ಟಿನಾ?” ಎಂದ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಪಕ್ಕದ ಕುರ್ಚಿಯವನ ಜೊತೆ ಮಾತಿಲ್ಲದೆ ಕೆಲಸ ಹೇಗೆ? ತಿಂಗಳ ಕೊನೆಗೆ ಬಿಟ್ಟುಬಿಡುವುದೆಂದು ನಿಶ್ಚಯಿಸಿದ್ದೆ. ಸರ್‌ಗೆ ಹೇಳಿರಲಿಲ್ಲ. ಅವರಿಗೆ ತಿಳಿದಿತ್ತೋ ಏನೋ, ಒಂದೇ ಪ್ರಬಂಧವನ್ನು ಇಬ್ಬರಿಗೂ ಓದಲು ಕೊಟ್ಟರು. ಮಧ್ಯಾಹ್ನದೊಳಗೆ ಡಿಕ್ಕಿ.

“ಏಳ್ರಿ, ಏಳ್ರಿ! ತಮ್ಮಾ, ನೀನೂ ಏಳು,” ಎಂದು ತಾವೇ ಮುಂದೆ ನಡೆದು, ಅಂಗಡಿಯವನಿಗೆ “ತೀನ್ ಕಟಿಂಗ್!” ಎಂದು ಮೂರು ಅರ್ಧ ಚಹಾಕ್ಕೆ ಕೂಗಿದರು.

ಮೈಸೂರಿನವನು ಮುಖ ಗಂಟಿಕ್ಕಿಕೊಂಡು ನನ್ನದನ್ನು ಓದಿದ: “ಈ ಪರೀಕ್ಷೆ ನಡೆದಿರುವುದು ಚಳಿ ದೇಶದಲ್ಲಿ. ಏಪ್ರಿಲ್‌ನಲ್ಲಿ ಭೋಸರಿಯ ತಗಡಿನ ಶೆಡ್ಡಿನೊಳಗೆ ಎಣ್ಣೆ ನೀರಾಗುತ್ತದೆ. ನಮಗೆ ಆಗದು.” ನಾನು ಅವನದನ್ನು ಓದಿದೆ: “ಗ್ರಾಫ್ ಸೂಪರ್. ಹಾಗೇ ಎತ್ಕೋಬಹುದು.” ‘ಸೂಪರ್’ ನನ್ನ ಬಾಯಲ್ಲಿ ಹೇಗೆ ಕೇಳಿಸಿತೋ, ಅಂಗಡಿಯವನೂ ನಕ್ಕ.

“ಮೇಡಂ, ಏಪ್ರಿಲ್ ಬಗ್ಗೆ ನಾನು ಯೋಚನೇನೇ ಮಾಡಿರ್ಲಿಲ್ಲ,” ಎಂದ ಅವನು.

“ಗ್ರಾಫ್ ಮಾತ್ರ ಖರೇನ ಚಂದ ಅದಪ್ಪ,” ಎಂದೆ.

ಎರಡನೆಯ ಚಹಾ ಬರುವಷ್ಟರಲ್ಲಿ ಎರಡು ಸಾಲು ಸೇರಿ ಒಂದಾಗಿತ್ತು: ಗ್ರಾಫ್ ಇರಲಿ, ನಮ್ಮ ಬಿಸಿಲಿನಲ್ಲಿ ಪರೀಕ್ಷೆ ಹೊಸದಾಗಿ ಮಾಡೋಣ. ನಮ್ಮಿಬ್ಬರ ಹೆಸರಿನಲ್ಲಿ ಬಂದ ಮೊದಲ ಪ್ರಬಂಧ ಹುಟ್ಟಿದ್ದು ಆ ಸಾಲಿನಿಂದ. ಕೆಲಸ ಬಿಡುವ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಸರ್ ಅಂಗಿಯ ಮೇಲಿನ ಹನಿ ಒರೆಸಿಕೊಳ್ಳುತ್ತಿದ್ದರು.

ಈಗ ಅವರು ನಿವೃತ್ತರು, ಚಿಂಚವಾಡದಲ್ಲಿದ್ದಾರೆ. ಗಿಟ್‌ನ ಬಾಗಿಲನ್ನು ನಾವು ಅವರಿಗೆ ತೆರೆದೇ ಇಟ್ಟಿದ್ದೇವೆ. ಕಳೆದ ಶನಿವಾರ ನಾನು ಹೊಸ ಪ್ರಬಂಧವೊಂದರ ಟಿಪ್ಪಣಿಯಲ್ಲಿ, “ಈ ಪ್ರಯೋಗವನ್ನು ಪೂರ್ತಿ ನಂಬಬಹುದು” ಎಂದು ಬರೆದು ಕಳಿಸಿದರೆ ಗಿಟ್ ತಡೆಯಿತು. ಅದೇ ಸಾಲಿನಲ್ಲಿ ಸರ್ ಬರೆದಿದ್ದರು: “ಅಷ್ಟೇನ್ ನಂಬಬ್ಯಾಡ್ರಿ.”

ಫೋನ್ ಮಾಡಿದೆ. “ಸರ್, ಡಿಕ್ಕಿ ಆಗ್ಯದ.”

“ಹೌದ್ರಿ? ತಪ್ಪು ಯಾರದು?”

“ನಿಮ್ಮದ.”

“ಹಂಗಾದ್ರ ಚಹಾ ನಂದು. ಆ ತಮ್ಮನ್ನೂ ಕರಕೊಂಡು ಬರ್ರಿ.”

ಹಿಂದಿನಿಂದ ಅವರ ಹೆಂಡತಿಯ ದನಿ: “ಮುಂಜಾನಿಂದ ಮೂರು ಕಪ್ಪು-ಬಶಿ ತೊಳದಿಟ್ಟು ಫೋನಿನ ಹಂತೇಕ ಕುಂತಾರ ನೋಡವಾ!”

ಲೋಕಲ್ ರೈಲಿನಲ್ಲಿ ಮೈಸೂರಿನವನು, “ಮೇಡಂ, ಸರ್‌ಗೆ ಚಹಾ ಜೊತೆ ತಿನ್ನೋಕೆ ಬಾಕರವಡಿ ತಗೋಬೇಕು. ನಿಮ್ಮ ದಿನಸಿ ಪಟ್ಟಿಗೆ ಸೇರಿಸಿ,” ಎಂದ. ನಾನು ಸರ್ ಬರೆದ ಸಾಲನ್ನು ಬಾಯಲ್ಲೇ ಅನ್ನುತ್ತ ಕುಳಿತಿದ್ದೆ. ಗಟ್ಟಿಯಾಗಿ ಓದಬೇಕಲ್ಲ.