ಫಸ್ಟ್ ಪಕ್ಕದ ನಕ್ಷತ್ರ

ನಾನು ಡಿಗ್ರಿ ಪಾಸಾಗುವುದು ಆಗದ ಮಾತು ಎಂದು ಮೊದಲು ಹೇಳಿದವರು ಆನಗೋಡಿನ ನಮ್ಮ ದೊಡ್ಡಪ್ಪ. ಆಮೇಲೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ಎರಡನೇ ಸಲ ಫೇಲಾದ ದಿನ ನಾನೂ ಅವರ ಪಾರ್ಟಿ ಸೇರಿದೆ.

ಮೂವರ ಲೆಕ್ಕವೂ ತಪ್ಪಿತು. ಮೂರನೇ ಸಲಕ್ಕೆ ಪಾಸಾದೆ. ಥರ್ಡ್ ಕ್ಲಾಸ್. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ಪ್ರಾಣಿ ನಾನೇ. (ಇದನ್ನು ಈ ವಾರದ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ. ಇನ್ನೂ ಹೇಳುತ್ತೇನೆ. ಸುಮ್ಮನೆ ಬಂದದ್ದಲ್ಲ ಅದು.)

ಆದರೆ ಫಸ್ಟ್ ರ‍್ಯಾಂಕ್ ಬರುತ್ತೇನೆಂದು ನನ್ನನ್ನು ಹೊಗಳುವವರೂ ಹೇಳಿರಲಿಲ್ಲ. ಕಳೆದ ವಾರ ಬಂದೆ. ಪರೀಕ್ಷೆ ಬರೆಯದೆಯೇ.

ಆದದ್ದಿಷ್ಟು. ನಮ್ಮೂರ ಎಂ.ಸಿ.ಸಿ. ಬಡಾವಣೆಯಲ್ಲಿ ಆಫೀಸು ಮಾಡಿಕೊಂಡು ಆನ್‌ಲೈನ್ ಕೋಚಿಂಗ್ ಕೊಡುವ ಎಜುಕೇಶನ್ ವೆಬ್‌ಸೈಟಿನವರು ‘ಸಾಧಕರ ಮಾತು’ ಎಂದು ನನ್ನ ವಿಡಿಯೊ ಮಾಡಿಕೊಂಡು ಹೋಗಿದ್ದರು. ನಾನು ಡಿಗ್ರಿ ಮುಗಿಸಿದಾಗ ನಿಮ್ಮ ವೆಬ್‌ಸೈಟು ಹುಟ್ಟೇ ಇರಲಿಲ್ಲವಲ್ಲ ಎಂದೆ. ‘ಮಕ್ಕಳಿಗೆ ಸ್ಫೂರ್ತಿ ಮೇಡಂ, ಮಾತಾಡ್ರಿ’ ಎಂದರು. ಸ್ಫೂರ್ತಿ ಕೊಡುವುದೆಂದರೆ ಯಾರು ಬೇಡವೆನ್ನುತ್ತಾರೆ? ಕ್ಯಾಮೆರಾ ನೋಡಿ ಹೆಮ್ಮೆಯಿಂದ ಹೇಳಿದೆ: ‘ಡಿಗ್ರಿ ಮಾಡಿದ್ರಾಗೆ ನಮ್ಮನೆಗೆ ನಾನೇ ಫಸ್ಟ್ ರೀ.’

ಅವರು ‘ನಮ್ಮನೆಗೆ’ ಕತ್ತರಿಸಿದರು. ‘ಫಸ್ಟ್’ಗೆ ‘ರ‍್ಯಾಂಕ್’ ಅಂಟಿಸಿದರು. ‘ಡಿಗ್ರಿಯಲ್ಲಿ ಫಸ್ಟ್ ರ‍್ಯಾಂಕ್. ನೀವೂ ಬರಬಹುದು, ಇಂದೇ ಸೇರಿ.’ ಕೆಳಗೆ ನನ್ನ ಫೋಟೊ. ತಲೆ ಮೇಲೆ ಗೊಂಡೆ ಜೋತಾಡುವ ಕರಿ ಟೋಪಿ. ನಾನು ಸರ್ಟಿಫಿಕೇಟನ್ನು ಕಾಲೇಜಿನ ಕಿಟಕಿಯಲ್ಲಿ ಕೈ ತೂರಿಸಿ ತಗೊಂಡವಳು. ಟೋಪಿ ಎಲ್ಲಿಂದ ಬಂತು?

ಓಣಿಯವರೆಲ್ಲ ಕಂಗ್ರಾಟ್ಸ್ ಅಂದರು. ಮೊದಲ ದಿನ ಸ್ವಲ್ಪ ಹಿತವಾಗಿಯೇ ಇತ್ತು. ಮರುದಿನ ಹರಿಹರದಿಂದ ಸವಿತಾಳ ಫೋನು ಬಂತು.

ಸವಿತಾ ನಮ್ಮ ಚಿಕ್ಕಮ್ಮನ ಮಗಳು. ಡಿಗ್ರಿಯ ಇಂಗ್ಲಿಷ್ ಪೇಪರಿನಲ್ಲಿ ಫೇಲಾಗಿ, ಓದೇ ಸಾಕೆಂದು ಮನೆಯಲ್ಲಿ ಕೂತಿದ್ದಳು. ನಾನೂ ಎರಡು ಸಲ ಫೇಲಾದವಳೇ ಎಂದು ತಿಂಗಳುಗಟ್ಟಲೆ ತಲೆ ತಿಂದು, ಮತ್ತೆ ಪರೀಕ್ಷೆ ಕಟ್ಟಲು ಒಪ್ಪಿಸಿದ್ದೆ. ಫೀಸು ಕಟ್ಟಲು ಆ ವಾರವೇ ಕೊನೆ.

‘ಅಕ್ಕ, ನೀನು ಫಸ್ಟ್ ರ‍್ಯಾಂಕ್ ಅಂತೆ. ಫೇಲ್ ಆಗಿದ್ದೆ ಅಂತ ಯಾಕ ಸುಳ್ಳು ಹೇಳ್ದೆ? ನನಗೆ ಸಮಾಧಾನ ಆಗ್ಲಿ ಅಂತ, ಹೌದಿಲ್ಲೋ? ಬ್ಯಾಡ ಬಿಡು. ನಾನು ಪರೀಕ್ಷೆ ಕಟ್ಟಲ್ಲ.’

‘ರ‍್ಯಾಂಕ್ ಸುಳ್ಳು. ಫೇಲ್ ಆಗಿದ್ದೇ ಖರೆ.’

‘ವೆಬ್‌ಸೈಟ್‌ನಾಗೆ ಐತೆ ಅಕ್ಕ.’

ವೆಬ್‌ಸೈಟಿನ ಮುಂದೆ ನಾನ್ಯಾವ ಲೆಕ್ಕ? ಫೋನು ಇಟ್ಟುಬಿಟ್ಟಳು.

ಸ್ಕೂಟಿ ಹತ್ತಿ ಅವರ ಆಫೀಸಿಗೆ ಹೋದೆ. ಮ್ಯಾನೇಜರ್ ಎಳೆ ವಯಸ್ಸಿನವ, ಬಹಳ ಮರ್ಯಾದಸ್ಥ. ‘ಕೂಡ್ರಿ ಮೇಡಂ, ಟೀ ತಗೊಳ್ರಿ.’ ಗೋಡೆಗೆ ಫ್ರೇಮು ಹಾಕಿ ತೂಗುಬಿಟ್ಟಿದ್ದರು: ‘ನಮ್ಮ ಜಾಹೀರಾತು ನೀತಿ. ವಿದ್ಯಾರ್ಥಿಗಳ ದಾರಿ ತಪ್ಪಿಸುವ ಯಾವ ಜಾಹೀರಾತನ್ನೂ ಪ್ರಕಟಿಸುವುದಿಲ್ಲ.’

‘ಮತ್ತೆ ನಂದೇನ್ರಿ ಇದು?’ ಎಂದೆ.

‘ಅದು ಬ್ಯಾರೆಯೋರು ನಮ್ಮ ಸೈಟಿಗೆ ಕೊಡೋ ಆ್ಯಡ್‌ಗೆ ಮೇಡಂ. ಗುಟ್ಕಾದೋರು, ರಮ್ಮಿ ಆಡ್ಸೋರು ಬರ್ತಾರೆ, ಒಳಗೇ ಬಿಟ್ಕೊಳ್ಳಲ್ಲ. ನಿಮ್ದು ಆ್ಯಡ್ ಅಲ್ಲ, ಸ್ಟೋರಿ.’

‘ಹಂಗಾದ್ರೆ ಕಟ್ಟುಕಥೆ ಅಂತ ಬರೀರಿ. ಇಲ್ಲಾ, ಥರ್ಡ್ ಕ್ಲಾಸ್ ಅಂತ ಹಾಕ್ರಿ.’

ಪಾಪ, ಅವನ ಮುಖ ನೋಡಬೇಕಿತ್ತು. ‘ಥರ್ಡ್ ಕ್ಲಾಸ್ ಅಂತ ಹಾಕಿದ್ರೆ ಯಾರು ಸೇರ್ತಾರ‍್ರೀ? ಒಂದು ಕೆಲ್ಸ ಮಾಡ್ತೀನಿ. ಕಂಡೀಷನ್ಸ್ ಅಪ್ಲೈ ಹಾಕಿಬಿಡ್ತೀನಿ.’

ಸಂಜೆಯೊಳಗೆ ಹಾಕಿದ. ‘ಫಸ್ಟ್ ರ‍್ಯಾಂಕ್’ ಪಕ್ಕ ಒಂದು ನಕ್ಷತ್ರ ಚಿಹ್ನೆ. ತೀರ ಕೆಳಗೆ, ಇರುವೆಗಳು ಮಾತ್ರ ಓದಬಲ್ಲಂಥ ಅಕ್ಷರದಲ್ಲಿ, ಅದೇ ನಕ್ಷತ್ರ, ಮುಂದೆ ಎರಡು ಪದ: ‘ಅವರ ಮನೆಮಟ್ಟದಲ್ಲಿ’.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನ ಫೋನು. ‘ನಿನಗೆ ಸ್ಟಾರ್ ಬ್ಯಾರೆ ಕೊಟ್ಟಾರಲ್ಲೇ. ಫಸ್ಟ್‌ಗಿಂತ ಮ್ಯಾಲಿಂದೇನು ಅದು?’

ಸೋಪಿನ ಜಾಹೀರಾತು ನೋಡಿ ಸೋಪು ಕೊಳ್ಳುತ್ತೇವೆ. ಬೆಳ್ಳಗಾಗದಿದ್ದರೆ ಸೋಪನ್ನು ಬೈಯುತ್ತೇವೆ. ಓದಿನ ಜಾಹೀರಾತು ಹಾಗಲ್ಲ. ಫಸ್ಟ್ ಬರದ ಹುಡುಗರು ವೆಬ್‌ಸೈಟನ್ನು ಬೈಯುವುದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ. ಗುಟ್ಕಾದವನನ್ನು ಬಾಗಿಲಲ್ಲೇ ತಡೆದವರು ಇದನ್ನು ಯಾಕೆ ತಡೆಯಲಿಲ್ಲ? ಇರಲಿ, ಫೇಲಾಗಿ ಪಾಸಾದವರ ಫೋಟೊವನ್ನು ಯಾವುದಾದರೂ ಕೋಚಿಂಗ್ ಬೋರ್ಡಿನಲ್ಲಿ ನೀವು ನೋಡಿದ್ದೀರಾ?

ಮರುದಿನ ಮತ್ತೆ ಹೋಗಿ, ಟೀ ಕುಡಿಯದೆ ಜಗಳ ಮಾಡಿದೆ. ಫೋಟೊ ತೆಗೆದರು. (ಈಗ ಆ ಟೋಪಿಯ ಕೆಳಗೆ ಬೇರೆ ಯಾರದೋ ತಲೆ ಇದೆ.)

ವೆಬ್‌ಸೈಟಿನಿಂದ ತೆಗೆದರು ಸರಿ, ಸವಿತಾಳ ಮನಸ್ಸಿನಿಂದ ತೆಗೆಯುವುದು ಹೇಗೆ? ಬೀರು ತೆರೆದು ಡಿಗ್ರಿ ಸರ್ಟಿಫಿಕೇಟು, ಫೇಲಾದ ಮಾರ್ಕ್ಸ್ ಕಾರ್ಡು ಎಲ್ಲವನ್ನೂ ಚೀಲಕ್ಕೆ ತುರುಕಿ ಹರಿಹರದ ಬಸ್ಸು ಹತ್ತಿದೆ. ಜನ ಸರ್ಟಿಫಿಕೇಟು ಹಿಡಿದು ಹೊರಡುವುದು ತಾವು ಜಾಣರೆಂದು ತೋರಿಸಲು. ನಾನು ಹೊರಟದ್ದು ದಡ್ಡಿ ಎಂದು ಸಾಬೀತು ಮಾಡಲು.

ಸವಿತಾ ಮುಖ ಊದಿಸಿಕೊಂಡು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ‘ತೃತೀಯ ದರ್ಜೆ’ ಎಂಬಲ್ಲಿ ಬೆರಳಿಟ್ಟು ತೋರಿಸಿದೆ. ಆಗಲೂ ಅನುಮಾನ. ಫೇಲಾದ ಕಾರ್ಡು ಕೊಟ್ಟೆ. ಇಂಗ್ಲಿಷ್, ಹತ್ತೊಂಬತ್ತು.

ಅದನ್ನು ನೋಡಿದಳು. ನನ್ನನ್ನು ನೋಡಿದಳು.

‘ಅಕ್ಕ, ನಂದು ಇಪ್ಪತ್ತಾರು.’

‘ಹ್ಞೂಂ.’

‘ನಿನಗಿಂತ ನಾನೇ ವಾಸಿ.’

‘ಅದನ್ನ ಹೇಳಾಕೇ ಬಸ್ ಹತ್ತಿ ಬಂದಿದೀನಿ.’

ಈರುಳ್ಳಿ ಅಲ್ಲೇ ಬಿಟ್ಟು ಎದ್ದಳು. ಕೈ ತೊಳೆದು ದುಪಟ್ಟಾ ಹುಡುಕತೊಡಗಿದಳು. ‘ಕಾಲೇಜ್ ಬಾಗಿಲು ಹಾಕೋದ್ರೊಳಗೆ ಫೀಸ್ ಕಟ್ಟಿ ಬರಾಣ, ಏಳು.’

ಚಿಕ್ಕಮ್ಮ ಮಾತ್ರ ಕನ್ನಡಕ ಏರಿಸಿ, ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಕೊನೆಗೆ ಕೇಳಿದರು:

‘ಅಲ್ಲವ್ವ, ವಾರವಾರ ನಿನ್ನ ಬರಹ ಹಾಕ್ತಾರಲ್ಲ ಆ ಪೇಪರಿನೋರು, ಅವರಿಗೆ ಇದನ್ನ ತೋರ‍್ಸೀಯೇನು?’